ಓಬೆಡ್‌ನ ಗೋರಿ

ಬದುಕಿರುವ ಕೂಸಿಗೆ ಯಾರೋ ಗೋರಿ ಕಟ್ಟಿದ್ದರು. ಚರ್ಚಿನ ಹಿಂದೆ, ಹಲಗೆಯ ಮೇಲೆ ಬರೆದಿತ್ತು: ಓಬೆಡ್, ಸಾವು ಫೆಬ್ರವರಿ ೧೯೦೬. ಸೂಲಗಿತ್ತಿ ಜಿಲ್ಫಾ ಅದನ್ನು ಓದಿಸಿ ಕೇಳಿದಾಗ, ಓಬೆಡ್ ತಾಯಿ ಲವೀನಿಯಾಳ ಸೊಂಟದ ಮೇಲೆ ಕೂತು ಅವಳ ಕಿವಿ ಎಳೆಯುತ್ತಿದ್ದ.

ನಮ್ಮ ಹಿರಿಯರು ಅಮೆರಿಕದ ಮೂಲನಿವಾಸಿಗಳಾದ ಚೋಕ್ಟಾಗಳ ಗುಲಾಮರಾಗಿದ್ದವರು. ಬಿಡುಗಡೆಯಾಗಿ ನಲವತ್ತು ವರ್ಷವಾದ ಮೇಲೆ, ಸರ್ಕಾರದ ಪಟ್ಟಿಗೆ ಸೇರಿದವರಿಗೆ ತಲೆಗೆ ನಲವತ್ತು ಎಕರೆ ನೆಲ ಎಂದಾಗಿತ್ತು. ಈ ಮಾರ್ಚ್ ನಾಲ್ಕರಂದು ಬದುಕಿದ್ದ ಮಕ್ಕಳಿಗೂ ಉಂಟು. ಅರ್ಜಿಗೆ ಇವತ್ತೇ ಕಡೇ ದಿನ.

"ಮಗು ಸತ್ತಿದೆ ಅಂತ ಕಾಗದ ಬಂದಿದೆ. ಸಹಿ ಇಲ್ಲ," ಎಂದ ಪಟ್ಟಿಯ ಅಧಿಕಾರಿ ಹಾರ್ಗ್ರೋವ್.

"ಸತ್ತ ಮಗು ನಿಮ್ಮ ಟೋಪಿ ಕೀಳ್ತಿದೆಯಲ್ಲ ಸ್ವಾಮಿ!" ಜಿಲ್ಫಾ ಸಿಡುಕಿದಳು.

"ಇದು ಅದೇ ಮಗು ಅನ್ನೋಕೆ ಏನು ಸಾಕ್ಷಿ? ಎರವಲು ತಂದಿರಬಹುದು."

"ಹೆರಿಗೆ ಮಾಡಿಸಿದೋಳು ನಾನೇ."

"ಗೋರಿ ಇದೆಯಲ್ಲ?"

"ಅಗೆದು ನೋಡಿ ಹಾಗಾದ್ರೆ!"

"ಕೋರ್ಟಿನ ಅಪ್ಪಣೆ ಬೇಕು. ತಿಂಗಳಾಗುತ್ತೆ."

ತಲೆ ಚಚ್ಚಿಕೊಳ್ಳಬೇಕು ಇಂಥವರ ಮುಂದೆ.

* * *

ನಮಗೆ ಕೊಡುವ ನೆಲ ಚೋಕ್ಟಾಗಳ ಪಾಲಿನದು; ಹಾಗಾಗಿ ಊರೆಲ್ಲ ಬೆರಳು ತೋರಿಸಿದ್ದು ಪಕ್ಕದ ಹೊಲದ ಚೋಕ್ಟಾ ಮುದುಕ ಟೋನಿಹ್ಕಾನ ಕಡೆಗೆ.

"ನನ್ನ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?" ಕೇಳಲು ಹೋದ ಜಿಲ್ಫಾಳ ಮೇಲೆ ಅವನು ರೇಗಿದ. "ನಿಮ್ಮ ಮನೆ ಸಾವಿಗೆಲ್ಲ ಬಂದು ಮಣ್ಣು ಹಾಕಿದೀನಿ. ನಾನಾಗಿದ್ರೆ ಇಷ್ಟು ದಡ್ಡತನ ಮಾಡ್ತಿದ್ನಾ? ನಿಮ್ಮವರ ಗೋರಿಗಳ ಮೇಲೆಲ್ಲ ಬಟ್ಟಲು ಇಡ್ತೀರಲ್ಲ, ಹೋಗಿ ಆ ಗೋರಿ ಮೇಲಿನ ಬಟ್ಟಲು ನೋಡು."

ಜಿಲ್ಫಾ ನೋಡಿದಳು. ಮೊದಲೇ ಏಕೆ ನೋಡಲಿಲ್ಲವೆಂದು ತನ್ನನ್ನೇ ಬೈದುಕೊಂಡಳು.

* * *

ಮಧ್ಯಾಹ್ನ ಹಾರ್ಗ್ರೋವ್ ಗೋರಿಯ ಬಳಿ ಬಂದ. ಜೊತೆಗೆ ಮಗು ಸತ್ತದ್ದಕ್ಕೆ ಸಾಕ್ಷಿಯೆಂದು ಅಂಗಡಿಯ ಪ್ರೂಯಿಟ್. ಲವೀನಿಯಾ ಮಗನಿಗೆಂದು ಆರಿಸಿದ್ದ ನೆಲಕ್ಕೆ ಬೇಲಿ ಹಾಕಿ ಉಳುತ್ತಿದ್ದವನು ಅವನೇ.

"ಪಾಪ, ಮಣ್ಣು ಮಾಡಿದ ದಿನ ಇಲ್ಲೇ ನಿಂತಿದ್ದೆ," ಎಂದ ಪ್ರೂಯಿಟ್. "ಬಟ್ಟಲು ಇಟ್ಟದ್ದು ಈ ತಾಯಿಯೇ."

"ಇದೇ ಬಟ್ಟಲಾ?" ಜಿಲ್ಫಾ ಕೇಳಿದಳು.

"ಇದೇ. ಕಣ್ಣಾರೆ ಕಂಡಿದೀನಿ."

ಜಿಲ್ಫಾ ಬಟ್ಟಲಿಗೆ ನೀರು ಸುರಿದಳು. ನೀರು ನಿಂತಿತು. ಆಮೇಲೆ ಅಕ್ಕಪಕ್ಕದ ಗೋರಿಗಳ ಬಟ್ಟಲುಗಳಿಗೆ ಸುರಿದಳು. ಎಲ್ಲವೂ ಸೋರಿದವು.

"ಸತ್ತವರ ಬಟ್ಟಲಿನ ತಳ ಒಡೆದೇ ಇಡ್ತೀವಿ. ಇಲ್ದಿದ್ರೆ ಅದೇ ಮನೆಗೆ ಇನ್ನೊಂದು ಸಾವು ಬರುತ್ತೆ. ಯಾವ ತಾಯೀನೂ ಇದನ್ನ ಮರೆಯಲ್ಲ." ಅವಳು ಪ್ರೂಯಿಟ್‌ನ ಕಡೆ ಬೆರಳು ಮಾಡಿದಳು. " ಈ ದಾರೀಲಿ ಹೋಗುವಾಗ ಕುದುರೆ ಮೇಲಿಂದ ನಿನಗೆ ನಮ್ಮ ಗೋರಿಗಳ ಬಟ್ಟಲು ಕಾಣಿಸ್ತು, ತೂತು ಕಾಣಿಸ್ಲಿಲ್ಲ. ಆಗದೇ ಇರೋ ಸಾವನ್ನ ಕಣ್ಣಾರೆ ಕಂಡೆ ಅಂತಲೂ ಹೇಳಿದೆ. ಮಗು ಪಟ್ಟಿ ಸೇರಿದ್ರೆ ನಿನ್ನ ಬೇಲಿ ಕೀಳಬೇಕಲ್ಲಪ್ಪ!"

ಪ್ರೂಯಿಟ್ ಕುದುರೆಯತ್ತ ತಿರುಗಿದ. ಲಗಾಮು ಟೋನಿಹ್ಕಾನ ಕೈಯಲ್ಲಿತ್ತು.

ಹಾರ್ಗ್ರೋವ್ ಗೊಣಗುತ್ತಲೇ ಪಟ್ಟಿಯ ಪುಸ್ತಕ ತೆರೆದು ಓಬೆಡ್‌ನ ಹೆಸರು ಬರೆದ.

"ಓದಿ ಹೇಳಿ," ಎಂದಳು ಲವೀನಿಯಾ. ಓದಿದ. "ಇನ್ನೊಂದ್ಸಲ." ಓದಿದ. ಅವಳು ಅಳುತ್ತಾ ಮತ್ತೆ ಕೇಳಿದಳು.

ಮೂರನೆಯ ಸಲ ಹಾರ್ಗ್ರೋವ್ ಟೋಪಿ ತೆಗೆದು ನಿಂತು ಓದಿದ.