ಅಪ್ಪನಿಗೊಂದು ಉಣ್ಣೆಯ ಕಿಲ್ಟ್

"ಇದನ್ನ ನಾನು ಹೊಲಿಯಲ್ಲ. ಇದು ಉಣ್ಣೆನೇ ಅಲ್ಲ."

ಮೊರ್ವೆನ್‌ಗೆ ಕೆನ್ನೆಗೆ ಹೊಡೆದ ಹಾಗಾಯಿತು. ಓಬನ್‌ನ ಬಂದರು ಬೀದಿಯಲ್ಲಿ, ಪ್ರವಾಸಿಗರ ಅಂಗಡಿಯಲ್ಲಿ, ಅರ್ಧ ಗಂಟೆ ಚೌಕಾಸಿ ಮಾಡಿ ತಂದ ಕಿಲ್ಟ್ ಅದು, ಅಲ್ಲಿನ ಗಂಡಸರು ಮುಖ್ಯ ದಿನಗಳಲ್ಲಿ ಉಡುವ ನೆರಿಗೆಯ ಲಂಗ. ಸೊಂಟದ ಪಟ್ಟಿ ಸ್ವಲ್ಪ ಬಿಗಿ ಮಾಡಿಸಿದರೆ ಸಾಕು ಅಂದುಕೊಂಡು ಈ ಸಂದಿಯ ದರ್ಜಿ ಅಂಗಡಿಗೆ ಬಂದರೆ, ಇವನು ಯಾರೋ ಹೀಗೆ!

"ಉಣ್ಣೆ ಅಂತ ಚೀಟಿ ಹಚ್ಚಿದಾರಲ್ಲ, ಕಣ್ಣು ಕಾಣಲ್ವಾ ನಿಮಗೆ?"

ದರ್ಜಿ ಅದನ್ನು ಮೇಜಿನ ಮೇಲೆ ಹರಡಿದ. ಕಿಲ್ಟ್‌ನ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದ. ಎಳೆ ಕರಗಿ, ಕರಿ ಮಣಿಯಂತೆ ಗಟ್ಟಿಯಾಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ! ಆಮೇಲೆ ತಾನು ಉಟ್ಟಿದ್ದ ಕಿಲ್ಟ್‌ನಿಂದಲೇ ಒಂದು ಎಳೆ ಕಿತ್ತು ಸುಟ್ಟ. ಕೂದಲು ಸುಟ್ಟ ಹಾಗೆ ನಾತ ಬಂತು. ಬೂದಿ ಬೆರಳಲ್ಲೇ ಪುಡಿಯಾಯಿತು.

"ಮೂಗಾದ್ರೂ ಇದೆ ತಾನೇ ನಿಮಗೆ?" ಎಂದ.

"ನಿಮ್ಮ ವ್ಯಾಪಾರ ಆಗ್ಬೇಕು, ಅದಕ್ಕೆ ಈ ನಾಟಕ!"

ಹಾಗೆಂದವಳ ಕಣ್ಣು ತುಂಬಿಬಿಟ್ಟಿತು. ಛೇ... ಇವನ ಮುಂದೆನಾ ಅಳೋದು? ಅವಳು ಕಿಟಕಿಯ ಕಡೆ ತಿರುಗಿದಳು.

ಅವನ ದನಿ ಇಳಿಯಿತು. "ಯಾರಿಗೆ ಇದು?"

"ಅಪ್ಪನಿಗೆ. ಹೊಸ ಉಣ್ಣೆದು ತಗೊಳ್ಳೋ ಶಕ್ತಿ ಇಲ್ಲ ನಮಗೆ. ಇನ್ನೂ ಅವಮಾನ ಮಾಡೋದಿದ್ರೆ ಮಾಡಿ."

"ಹೊಸದು ಯಾಕೆ? ಒಳ್ಳೇ ಉಣ್ಣೆ ಉಟ್ಟವನಿಗಿಂತ ಜಾಸ್ತಿ ದಿನ ಬಾಳುತ್ತೆ. ಬನ್ನಿ ಇಲ್ಲಿ." ಅವನು ಗೋಡೆಯ ಬದಿಗೆ ಹಳೆಯ ಕಿಲ್ಟ್‌ಗಳು ತೂಗುತ್ತಿದ್ದ ಕಂಬಿಯ ಹತ್ತಿರ ನಡೆದ. "ನಾನು ಹೇಳಲ್ಲ. ನೀವೇ ಆರಿಸಿ. ಮೊದಲು ತೂಕ ನೋಡಿ. ಮುಷ್ಟೀಲಿ ಹಿಸುಕಿ ಬಿಡಿ... ಸುಕ್ಕು ತಾನಾಗೇ ಬಿಟ್ಕೊಂಡ್ರೆ ಉಣ್ಣೆ. ಬೆಳಕಿಗೆ ಹಿಡೀರಿ. ನೇಯ್ಗೆಲಿ ಆಚೆ ಬೀದಿ ಕಂಡ್ರೆ ಬೇಡ."

ಮೊರ್ವೆನ್ ಒಂದೊಂದನ್ನೇ ಹಿಸುಕಿದಳು, ಬೆಳಕಿಗೆ ಹಿಡಿದಳು. ಒಂದರ ಹಿಂಭಾಗ ತಿರುಗಿಸಿದಾಗ ನೆರಿಗೆಯಿಂದ ನೆರಿಗೆಗೆ ಚೌಕಳಿಯ ಗೆರೆಗಳು ಎಲ್ಲೂ ಮುರಿಯದೆ ಕೂಡಿಕೊಂಡಿದ್ದವು.

"ಇದು... ಅಲ್ವಾ?"

"ಹೊಲಿಗೆ ನೋಡಿ."

"ಕೈ ಹೊಲಿಗೆ. ಚಿಕ್ಕ ಚಿಕ್ಕದು. ನೆರಿಗೆನೂ ಆಳವಾಗಿದೆ."

"ಇನ್ನು ನನ್ನ ಅಂಗಡಿ ಮುಚ್ಚಬಹುದು," ಎಂದು ಅವನು ನಕ್ಕ. ಬಟ್ಟೆಯ ಮಡಿಕೆಯಲ್ಲಿ ಇಬ್ಬರ ಬೆರಳೂ ತಾಗಿದವು. ಅವಳು ಕೈ ತೆಗೆಯಲು ತುಸು ತಡಮಾಡಿದಳು... ಯಾಕೆಂದು ಅವಳಿಗೇ ತಿಳಿಯಲಿಲ್ಲ!

ಅವನ ಹೆಸರು ಲಾಕ್ಲನ್. ಅಂಗಡಿಯ ಬೋರ್ಡಿನಲ್ಲಿದ್ದದ್ದು ಹಳೆಯ ಮಾಲೀಕನ ಹೆಸರು. ಇವನ ಮನೆತನ ಯಾವುದೆಂದು ಅವಳು ಕೇಳಲೂ ಇಲ್ಲ.

"ಯಾರ ಹೆಸರಲ್ಲಿ ತೆಗೆದಿಡ್ಲಿ?"

"ಡೂಗಲ್ ಮೆಕ್‌ಕಾರ್ಮಿಕ್. ಅರ್ಡ್‌ಕೆರಿನ್ ಊರು. ಮುಂಚೆ ದೋಣಿ ಇತ್ತು."

ಲಾಕ್ಲನ್‌ನ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಮೊರ್ವೆನ್ ಅದನ್ನು ಗಮನಿಸಲಿಲ್ಲ. ಒಳಗೆ ಕಟ್ಟಿಕೊಂಡಿದ್ದದ್ದು ಆಗಲೇ ಅವಳ ಬಾಯಿಗೆ ಬಂದಿತ್ತು.

"ಅಪ್ಪನ ದೋಣೀಲಿ ಒಬ್ಬ ಹುಡುಗ ಇದ್ದ, ರೋರಿ ಅಂತ, ಈ ಊರವನೇ. ಅವನ ಮನೆಯವರನ್ನ ನಾನು ನೋಡಿಲ್ಲ. ಬಿರುಗಾಳೀಲಿ ಸಮುದ್ರಕ್ಕೆ ಬಿದ್ದ... ಹೆಣಾನೂ ಸಿಗ್ಲಿಲ್ಲ. ಅವತ್ತಿಂದ ಅಪ್ಪ ದೋಣಿ ಹತ್ತಿಲ್ಲ. ಇಲ್ಲಿನ ಬಂದರಲ್ಲಿ ಕಡಲುಪಾಲಾದವರ ಸ್ಮರಣೆ ದಿನ ಮಾಡ್ತಾರಲ್ಲ, ಅದಕ್ಕೂ ಬಂದಿಲ್ಲ. ಈಗ ಶ್ವಾಸಕೋಶ ಕೈಕೊಟ್ಟಿದೆ. ಈ ಸಲ ಆ ಹುಡುಗನ ತಾಯಿ ಮುಂದೆ ನಿಂತು ಒಂದು ಮಾತು ಹೇಳ್ಬೇಕಂತೆ. ಹರಕು ಪ್ಯಾಂಟಲ್ಲಿ ಹೇಳೋ ಮಾತಲ್ಲ ಅದು ಅಂತಾರೆ."

ಲಾಕ್ಲನ್ ಸೀಮೆಸುಣ್ಣದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಮೇಜಿನ ಮೇಲಿಟ್ಟ. ಆಮೇಲೆ ಮಹಡಿಗೆ ಹೋದ. ಕೆಳಗೆ ಬಂದಾಗ ಕೈಯಲ್ಲಿ ಬೇರೊಂದು ಕಿಲ್ಟ್ ಇತ್ತು. ಕಡುಹಸಿರು, ನೀಲಿ, ಭಾರವಾದ ಉಣ್ಣೆ.

"ಇದನ್ನ ತಗೊಳ್ಳಿ. ಅದಕ್ಕಿಂತ ಒಳ್ಳೇದು. ಬೆಲೆ ಅದೇ."

"ಯಾಕೆ?"

"ಸುಮ್ನೆ... ನಿಮ್ಮಪ್ಪನಿಗೆ ಇದೇ ಸರಿಹೋಗುತ್ತೆ."

---

ಪಟ್ಟಿಗಳನ್ನು ಸರಿಮಾಡಿಸಲು ಅವಳು ಮತ್ತೆ ಬಂದಳು. ಅಪ್ಪ ಇನ್ನಷ್ಟು ಸೊರಗಿದ್ದ. ಹೊಲಿಗೆ ಮುಗಿಯುವವರೆಗೂ ಅಂಗಡಿಯಲ್ಲೇ ಕೂತಳು. ಮುಗಿದ ಮೇಲೂ ಏಳಲಿಲ್ಲ.

ಇಬ್ಬರೂ ಬಂದರಿನ ಕಟ್ಟೆಯ ಮೇಲೆ ಕೂತು ಒಂದೇ ಪೊಟ್ಟಣದಿಂದ ಕರಿದ ಮೀನು, ಆಲೂಗಡ್ಡೆ ತಿಂದರು. ಕಡಲಹಕ್ಕಿಯೊಂದು ಅವನ ಕೈಯಿಂದಲೇ ದೊಡ್ಡ ತುಂಡು ಕಸಿದುಕೊಂಡು ಹಾರಿತು.

"ಏನ್ ಗಂಡಸೋ ನೀನು! ಒಂದು ಹಕ್ಕೀನ ಎದುರಿಸಕ್ಕಾಗಲ್ಲ!" ಮೊರ್ವೆನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತು!

ಅವನು ನಗಲಿಲ್ಲ. ಅವಳನ್ನೇ ನೋಡುತ್ತಿದ್ದ.

"ನಿಮ್ಮಪ್ಪ... ಆ ಹುಡುಗನ ವಿಷ್ಯ ಏನಂತಾರೆ?"

"ಎಚ್ಚರ ಇದ್ದಾಗ ಏನೂ ಹೇಳಲ್ಲ. ನಿದ್ದೇಲಿ ಅವನ ಹೆಸರು ಕೂಗ್ತಾರೆ."

ಲಾಕ್ಲನ್ ಬಾಯಿ ತೆರೆದ. ಏನೋ ತುಟಿಯವರೆಗೂ ಬಂತು. ದಾಟುದೋಣಿಯ ಸಿಳ್ಳೆ ಕೇಳಿ ಅವಳು ಎದ್ದಳು. ಹೋಗುವ ಮುನ್ನ ಬಗ್ಗಿ ಅವನ ಹಣೆಗೆ ಮುತ್ತಿಟ್ಟಳು.

ಅವನು ಹೇಳಬೇಕಾಗಿದ್ದದ್ದು ಆಗಲೇ. ಹೇಳಲಿಲ್ಲ.

---

ಸ್ಮರಣೆಯ ದಿನ ಓಬನ್ ಬಂದರಿನಲ್ಲಿ ಊರೆಲ್ಲ ಸೇರಿತ್ತು. ಡೂಗಲ್ ಮಗಳ ತೋಳು ಹಿಡಿದು, ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾ ಬಂದ. ಕಿಲ್ಟ್ ಅವನ ಮೇಲೆ ಚೆನ್ನಾಗಿ ಕೂತಿತ್ತು. ಹಳೆಯ ನಾವಿಕನ ಗತ್ತು ಒಂದು ಚೂರು ಮರಳಿದಂತಿತ್ತು.

ಜನ ಅವನಿಗೆ ದಾರಿ ಬಿಟ್ಟರು. ಗೌರವದಿಂದಲ್ಲ, ಮೈ ತಾಗಬಾರದೆಂದು.

ರೋರಿಯ ತಾಯಿ ಎಫಿ ಕಟ್ಟೆಯ ಅಂಚಿನಲ್ಲಿ, ಸಮುದ್ರಕ್ಕೆ ಬಿಡಲು ತಂದ ಹೂವಿನ ಚಕ್ರ ಹಿಡಿದು ನಿಂತಿದ್ದಳು. ಡೂಗಲ್ ಅವಳ ಮುಂದೆ ನಿಂತು ಟೊಪ್ಪಿ ತೆಗೆದ.

"ಎಫಿ... ನಾನು..."

ಅವಳು ಅವನ ಮುಖ ನೋಡುತ್ತಿರಲಿಲ್ಲ. ಕಿಲ್ಟ್‌ನ ಅಂಚಿಗೆ ಹಾಕಿದ್ದ ಒಂದು ಸಣ್ಣ ತೇಪೆಯನ್ನು ನೋಡುತ್ತಿದ್ದಳು. ಹಸಿರು ದಾರ ಸಾಲದೆ ಬೇರೆ ಹಸಿರಲ್ಲಿ ತಾನೇ ಹಾಕಿದ್ದ ತೇಪೆ!

"ಇದು ನನ್ನ ರೋರಿದು!" ಅವಳ ಕೂಗಿಗೆ ಇಡೀ ಗುಂಪು ತಿರುಗಿತು. "ನನ್ನ ಮಗನ್ನ ನುಂಗಿದ್ದು ಸಾಲ್ದಾ ನಿಂಗೆ? ಅವನ ಬಟ್ಟೆನೂ ಬೇಕಾಯ್ತಾ?"

ಡೂಗಲ್ ತನ್ನ ಸೊಂಟದತ್ತ ನೋಡಿಕೊಂಡ. ಮೈಗೆ ಬೆಂಕಿ ಹತ್ತಿದವನಂತೆ ಬಟ್ಟೆಯನ್ನು ಮೈಯಿಂದ ದೂರ ಎಳೆದು ಹಿಡಿದ. ವರ್ಷಗಟ್ಟಲೆ ಒಳಗೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಆ ಒಂದು ಮಾತು ಬಾಯಿಗೆ ಬರಲೇ ಇಲ್ಲ. ಕಲ್ಲಿನ ಮೇಲೆ ಕುಸಿದ.

ಎಫಿ ಗುಂಪಿನತ್ತ ತಿರುಗಿದಳು. "ಲಾಕ್ಲನ್! ನಿನ್ನ ಒಡಹುಟ್ಟಿದ ತಮ್ಮಂದು ಕಣೋ ಅದು! ಹೇಗೋ ಮನಸ್ಸು ಬಂತು ನಿಂಗೆ?"

ತಮ್ಮ...?

ಮೊರ್ವೆನ್ ತಲೆ ಎತ್ತಿದಳು. ಗುಂಪಿನ ನಡುವೆ ಲಾಕ್ಲನ್ ಸುಣ್ಣದಂತೆ ಬಿಳಿಚಿ ನಿಂತಿದ್ದ. ಕರಿದ ಮೀನು, ಆ ನಗು, ತಾನಿಟ್ಟ ಮುತ್ತು, ಎಲ್ಲವೂ ಒಮ್ಮೆಗೇ ಕಹಿಯಾದವು. ಹಾಗಾದ್ರೆ ಎಲ್ಲಾ ಗೊತ್ತಿದ್ದೇ ಮಾಡಿದ್ನಾ?

---

ಮನೆಯಲ್ಲಿ ಡೂಗಲ್ ಕಿಲ್ಟ್ ಕಳಚಿ, ನೆರಿಗೆ ಕೆಡದಂತೆ ತಾನೇ ಮಡಿಸಿದ.

"ವಾಪಸ್ ಕೊಟ್ಬಿಡು. ಆ ಹುಡುಗನ್ನ ಬಯ್ಯಬೇಡ. ಅವನು ಸರಿಯಾಗೇ ಮಾಡಿದ."

"ಅಪ್ಪಾ!"

"ಅವತ್ತು ಮೋಡ ನೋಡಿ 'ವಾಪಸ್ ಹೋಗೋಣ' ಅಂದಿದ್ದು ರೋರಿನೇ ಕಣೇ. ಬಲೆ ತುಂಬಾ ಮೀನಿತ್ತು. 'ಅಮ್ಮನ ಸೆರಗು ಬೇಕೇನೋ?' ಅಂತ ನಾನು ನಕ್ಕೆ..." ಅವನಿಗೆ ಕೆಮ್ಮು ಒತ್ತಿ ಬಂತು. "ಯಾರಾದ್ರೂ ನಂಗೆ ಇದನ್ನ ಮಾಡ್ಲೇಬೇಕಿತ್ತು."

ಮೊರ್ವೆನ್ ಓಬನ್‌ಗೆ ಹೋಗಿ ಕಿಲ್ಟನ್ನು ಅಂಗಡಿಯ ಮೇಜಿನ ಮೇಲೆ ಎಸೆದಳು.

"ಮೊರ್ವೆನ್, ಒಂದು ಮಾತು ಕೇಳು..."

"ಉಣ್ಣೆ ಯಾವುದು, ನಕಲಿ ಯಾವುದು ಅಂತ ಪಾಠ ಹೇಳ್ದೆ. ಮನುಷ್ಯರನ್ನ ಯಾವ ಬೆಂಕೀಲಿ ಸುಟ್ಟು ನೋಡೋದು, ಅದನ್ನೂ ಹೇಳ್ಬೇಕಿತ್ತು ನೀನು!"

ಅವಳು ತಿರುಗಿ ನೋಡಲಿಲ್ಲ. ಅವನು ಅರ್ಡ್‌ಕೆರಿನ್‌ಗೆ ಬಂದಾಗ ಬಾಗಿಲೂ ತೆರೆಯಲಿಲ್ಲ. ಬಾಗಿಲಿನ ಈಚೆ ಅವಳು ಬಾಯಿಗೆ ಕೈ ಒತ್ತಿಕೊಂಡು ಅತ್ತದ್ದು ಅವನಿಗೆ ಕೇಳಿಸಲಿಲ್ಲ. ಒಳಕೋಣೆಯಲ್ಲಿದ್ದ ಅಪ್ಪನಿಗೆ ಕೇಳಿಸಿತು.

ಚಳಿಗಾಲ ಮುಗಿಯುವ ಮುನ್ನ ಡೂಗಲ್ ತೀರಿಕೊಂಡ. ಆ ಮಾತನ್ನು ಎಫಿಗೆ ಹೇಳದೆಯೇ.

---

ಸ್ಮಶಾನಕ್ಕೆ ಬಂದವರು ಬೆರಳೆಣಿಕೆಯ ಜನ. ಗಾಳಿ ಸಮುದ್ರದಿಂದ ನೇರ ಬೀಸುತ್ತಿತ್ತು. ಅಲ್ಲಿನ ರೂಢಿಯಂತೆ ಸತ್ತವನ ಆಪ್ತರೇ ಹಗ್ಗ ಹಿಡಿದು ಶವಪೆಟ್ಟಿಗೆ ಇಳಿಸಬೇಕು; ಅವರ ಹೆಸರನ್ನು ಒಬ್ಬ ಕೂಗುತ್ತಾ ಹೋದ. ತಲೆಯ ಬಳಿಯ ಹಗ್ಗ ಮೊರ್ವೆನ್‌ಳದು. ಪಾದದ ಬಳಿಯದು ಡೂಗಲ್‌ನ ಹಳೆಯ ಜೊತೆಗಾರನದು. ಅವನು ಬಂದಿರಲೇ ಇಲ್ಲ.

ಹಗ್ಗ ಹುಲ್ಲಿನ ಮೇಲೆ ಹಾಗೇ ಬಿದ್ದಿತ್ತು. ಯಾರೂ ಮುಂದೆ ಬರಲಿಲ್ಲ. ಅಪ್ಪಾ... ನಿನ್ನ ಇಳಿಸೋಕೂ ಒಂದು ಕೈ ಕಮ್ಮಿ ಆಯ್ತಲ್ಲ...

"ನಾನು ಹಿಡೀಲಾ?"

ಲಾಕ್ಲನ್! ಹಿಂದೆಯೇ ಎಫಿ, ಕಪ್ಪು ಕೋಟಿನಲ್ಲಿ.

ಮೊರ್ವೆನ್ ಹಗ್ಗ ಬಿಗಿಹಿಡಿದು ಅವರತ್ತ ತಿರುಗಿದಳು. ಬೇಡ ಅನ್ನಬೇಕೆನಿಸಿತು.

"ಹಿಡೀಲಿ ಬಿಡಮ್ಮ," ಎಂದಳು ಎಫಿ. "ನನ್ನ ಮಗನ್ನ ಮಣ್ಣಿಗೆ ಇಳಿಸೋ ಭಾಗ್ಯ ನಮಗೆ ಸಿಗ್ಲಿಲ್ಲ. ನಿಮ್ಮಪ್ಪನನ್ನಾದ್ರೂ ಸರಿಯಾಗಿ ಇಳಿಸೋಣ."

ಮೊರ್ವೆನ್ ತಲೆಯಾಡಿಸಿದಳು. ಲಾಕ್ಲನ್ ಬಗ್ಗಿ ಹಗ್ಗ ಎತ್ತಿಕೊಂಡ. ಪೆಟ್ಟಿಗೆ ವಾಲದಂತೆ, ಅವಳ ಕೈಗೆ ಸಮನಾಗಿ, ನಿಧಾನವಾಗಿ ಬಿಡುತ್ತಾ ಹೋದ.

ಎಲ್ಲರೂ ಹೋದ ಮೇಲೆ ಇಬ್ಬರೇ ಉಳಿದರು.

"ಯಾಕೆ ಕೊಟ್ಟೆ ಅದನ್ನ?" ಅವಳು ಮಣ್ಣನ್ನೇ ನೋಡುತ್ತಾ ಕೇಳಿದಳು. "ಸುಳ್ಳು ಹೇಳ್ಬೇಡ."

"ಕ್ಷಮಿಸಿದೀನಿ ಅಂತ ತಿಳಿಸೋಕೆ ಅಂದ್ಕೊಂಡೇ ಮಹಡಿಗೆ ಹೋದೆ. ಆದ್ರೆ ಕೆಳಗೆ ಇಳೀವಾಗ..." ಅವನು ಅಂಗೈಯ ಮೇಲಿನ ಹಗ್ಗದ ಗುರುತನ್ನು ತಿಕ್ಕಿದ. "ಅದು ಅವನ ಚರ್ಮ ಸುಡ್ಲಿ ಅಂತಾನೂ ಆಸೆ ಆಯ್ತು. ಎರಡೂ ನಿಜ ಮೊರ್ವೆನ್. ಆಮೇಲೆ ಕಟ್ಟೆ ಮೇಲೆ ನೀನು ನಕ್ಕೆ. ಹೇಳಿದ್ರೆ ನಿನ್ನ ಕಳ್ಕೋತೀನಿ ಅಂತ ಹೆದರಿದೆ. ಹೇಳ್ದೆನೇ ಕಳ್ಕೊಂಡೆ."

"ನೀನು ಸರಿಯಾಗೇ ಮಾಡ್ದೆ ಅಂದ್ರು ಅಪ್ಪ. ನಿಂಗೆ ಶಾಪ ಹಾಕಿದ್ರೆ ತಡ್ಕೋತಿದ್ದೆ... ಅದನ್ನ ತಡ್ಕೊಳಕ್ಕಾಗ್ಲಿಲ್ಲ!"

ಅವನ ಕಣ್ಣಿಂದ ನೀರಿಳಿಯಿತು. ಒರೆಸಿಕೊಳ್ಳಲಿಲ್ಲ.

"ನಿನ್ನ ಪ್ರೀತಿಸ್ತೀನಿ. ಹೇಳೋಕೆ ಇದು ಜಾಗ ಅಲ್ಲ ಅಂತ ಗೊತ್ತು. ಹೇಳ್ದೆ ಸುಮ್ನಿದ್ದು ಏನಾಗುತ್ತೆ ಅಂತಾನೂ ಗೊತ್ತಾಗಿದೆ."

ಗಾಳಿ ಅವಳ ಕೂದಲನ್ನು ಮುಖಕ್ಕೆ ಹೊಡೆಯಿತು.

"ನಾನೂ," ಎಂದಳು ಅದನ್ನು ಹಿಂದಕ್ಕೆ ಸರಿಸುತ್ತಾ. "ಆದ್ರೆ ಇವತ್ತು ನಿನ್ನ ಕ್ಷಮಿಸಕ್ಕಾಗಲ್ಲ ಲಾಕ್ಲನ್."

"ಇವತ್ತೇ ಅಂತ ಕೇಳ್ಲಿಲ್ಲ."

ಅವಳು ಕೋಟಿನ ಗುಂಡಿ ಹಾಕಿಕೊಂಡು ಇಳಿಜಾರಿನ ಕಡೆ ಎರಡು ಹೆಜ್ಜೆ ಇಟ್ಟು ನಿಂತಳು.

"ಊರಿನ ಹಾಲ್‌ನಲ್ಲಿ ಬಂದವರಿಗಿಟ್ಟ ಸೂಪು ಆರ್ತಿದೆ. ಅಷ್ಟೊಂದು ಮಾಡಿಸಿಬಿಟ್ಟೆ... ಉಣ್ಣೋಕೆ ಜನಾನೇ ಇಲ್ಲ. ನಿಮ್ಮಮ್ಮನ್ನೂ ಕರ್ಕೊಂಡು ಬಾ."

"ನಿನ್ನ ಪಕ್ಕ ಕೂತ್ಕೊಳ್ಲಾ?"

"ಬೇಡ. ಎದುರಿಗೆ ಕೂತ್ಕೋ," ಎಂದಳು ಮೊರ್ವೆನ್. "ನಿನ್ನ ಮುಖ ನೋಡ್ತಾ ನೋಡ್ತಾ ಈ ಕೋಪ ಕರಗ್ಬೇಕು. ಎಷ್ಟು ದಿನ ಹಿಡಿಯುತ್ತೋ ಗೊತ್ತಿಲ್ಲ."

"ಅಲ್ಲೇ ಕೂತಿರ್ತೀನಿ," ಎಂದ ಅವನು.