ಸಂಪಿಗೆಯಿದ್ದ ಜಾಗ

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಕೂತಿದ್ದೆ. ಕಗ್ಗದಾಸಪುರದ ನಮ್ಮ ಮನೆ, ತೊಂಬತ್ತೆಂಟನೇ ಇಸವಿ. ಬಾಡಿಗೆಗಿದ್ದ ಫಹೀಮ್ ತಂಗಿಯ ಮದುವೆಗೆಂದು ಸೀರಿಯಲ್ ಲೈಟ್ ಕಟ್ಟುತ್ತಿದ್ದ. ಮರವಿಲ್ಲದ ಹಿತ್ತಲು, ಎರಡು ಗಳ ನೆಟ್ಟಿದ್ದ.

“ನಡುವೆ ಏನು ಕಟ್ಟಿದ್ರಿ ಅಮ್ಮಾ?” ಎಂದ.

ತಲೆಯೆತ್ತಿದೆ. ಜೋತುಬೀಳಬೇಕಾದ ವೈರು ನಡುವೆ ಕೊಂಬೆಯ ಮೇಲೆ ಹಾಕಿದ ಹಾಗೆ ಎದ್ದು ನಿಂತಿತ್ತು.

“ಈ ಮಂಡಿ ಇಟ್ಕೊಂಡು ನಾನು ಏಣಿ ಹತ್ತಲೇನಪ್ಪಾ?”

ಅವನು ನಂಬಲಿಲ್ಲ. ಎಳೆದು ಇಳಿಸಿದ. ಮತ್ತೆ ಎದ್ದಿತು. ಅದರ ಕೆಳಗೆ ಮಾತ್ರ ನೆರಳಿನ ತಂಪು.

“ಇಲ್ಲಿ ಮರ ಇತ್ತಾ?”

“ಇಲ್ಲ” ಎಂದುಬಿಟ್ಟೆ.

ಇತ್ತು. ಅಕ್ಕ ನೆಟ್ಟ ಸಂಪಿಗೆ, ನಾನೇ ಕಡಿಸಿದ್ದೆ. ಹೂ ಬಿಡ್ತಾ ಎಂದು ಅವಳು ಪ್ರತಿ ಯುಗಾದಿಗೆ ಬರೆದು ಕೇಳುತ್ತಿದ್ದಳು. ಬಿಡ್ತು ಎಂದೇ ನನ್ನ ಉತ್ತರ. ನಿಜ ಬರೆದ ಕಾಗದ, ನಾನು ಅಕ್ಷರ ಕಲಿತ ರಾತ್ರಿಶಾಲೆಯ ಪುಸ್ತಕದೊಳಗೆ ಆರು ವರ್ಷದಿಂದ ಕೂತಿತ್ತು.

ಕೈ ತೊಳೆದು ಅದನ್ನು ಅಂಚೆಡಬ್ಬಿಗೆ ಹಾಕಿ ಬಂದೆ. ವೈರು ಮೊದಲಿಗಿಂತ ಒಂದು ಗೇಣು ಎತ್ತರದಲ್ಲಿತ್ತು.