ಒಳಗಿನವರನ್ನೂ ತಡೆಯುತ್ತದೆಯೇ?

ನಾಯಿಮರಿ ಕೊಳ್ಳಲು ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಕನ್ಯೆ ಕೇಳಲು ಬಂದ ಬೀಗರನ್ನು ವಿಚಾರಿಸುವ ಹಾಗೆ ವಿಚಾರಿಸುವ ಮನುಷ್ಯನೊಬ್ಬ ಅಂಧೇರಿಯಲ್ಲಿದ್ದಾನೆಂದು ಸಿದ್ದಲಿಂಗಪ್ಪನವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವರು ಮುಲುಂಡಿನಿಂದ ದಾದರಿಗೆ ಬಂದು, ಅಲ್ಲಿ ಲೋಕಲ್ ಬದಲಿಸಿ, ಅಂಧೇರಿ ಸ್ಟೇಷನ್ನಿನಿಂದ ಅರ್ಧ ತಾಸು ನಡೆದು, ಜೊತೆಗೆ ಸೊಸೆಯನ್ನೂ ಕರೆದುಕೊಂಡು ಬರುತ್ತಿದ್ದರೋ ಇಲ್ಲವೋ.

"ಹಗಲು ಹೊತ್ತು ನಿಮ್ಮ ಮನೆಯಲ್ಲಿ ಯಾರಿರ್ತಾರೆ?" ಅದು ಆ ಮನುಷ್ಯನ ಮೊದಲ ಪ್ರಶ್ನೆ.

ಸಿದ್ದಲಿಂಗಪ್ಪನವರು ಮಸ್ಜಿದ್ ಬಂದರಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರು. ಮುರಿದು ಮೂಸಿ ನೋಡದೆ ಒಂದು ಕಾಯಿಯನ್ನೂ ಕೊಂಡವರಲ್ಲ. "ಕೊಳ್ಳಾಂವ ನಾನು. ಕೇಳಾಂವನೂ ನಾನ," ಎಂದು ಮೀಸೆ ತಿರುವಿದರು.

"ನಾ ಇರ್ತೀನ್ರಿ," ಎಂದಳು ಹಿಂದೆ ನಿಂತಿದ್ದ ಸೊಸೆ ಚನ್ನವ್ವ.

ಆತ ಅವಳ ಕಡೆ ತಿರುಗಿದ. "ಸಂಜೆ?"

"ಸಂಜಿಗೂ ನಾನ."

"ಆದಿತ್ಯವಾರ?"

"ಆವಾಗೂ ನಾನ ಇರ್ತೀನ್ರಿ."

"ಹಾಗಾದ್ರೆ ನೀವು ಹೊರಗೆ ಹೋಗುವುದು ಯಾವಾಗ ಮಾರಾಯ್ರೆ?" ಎಂದು ನಕ್ಕ. ಅವಳು ನಗಲಿಲ್ಲ. ಆಗ ಅವನ ಕಣ್ಣು ಅವಳ ಬರಿಗೈಗಳ ಮೇಲೂ, ಕುಂಕುಮವಿಲ್ಲದೆ ಬರೀ ವಿಭೂತಿ ಇದ್ದ ಹಣೆಯ ಮೇಲೂ ಹರಿಯಿತು. ನಗು ಅಲ್ಲಿಗೇ ನಿಂತು ಕಿವಿಗಳು ಕೆಂಪಾದವು. ಗಂಡಸರ ಕಿವಿ ಅಷ್ಟು ಕೆಂಪಾಗುತ್ತದೆಂದು ಚನ್ನವ್ವನಿಗೆ ಗೊತ್ತೇ ಇರಲಿಲ್ಲ.

ಅವನ ಹೆಸರು ರಮಾನಾಥ. ಉಡುಪಿ ಕಡೆಯವನು. ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆಯಲು ಮುಂಬಯಿಗೆ ಬಂದು, ಅದು ಒಗ್ಗದೆ, ಒಬ್ಬ ಬಿಳಿ ಸಾಹೇಬನ ಮನೆಯಲ್ಲಿ ನಾಯಿ ನೋಡಿಕೊಳ್ಳುವ ಕೆಲಸ ಹಿಡಿದ. ಸ್ವಾತಂತ್ರ್ಯ ಬಂತು, ಸಾಹೇಬ ಹಡಗು ಹತ್ತಿದ, ಎರಡು ಆಲ್ಸೇಶಿಯನ್ ನಾಯಿಗಳು ರಮಾನಾಥನ ಪಾಲಿಗೆ ಉಳಿದವು. ಎಂಟು ವರ್ಷದಲ್ಲಿ ಅವನ ಮರಿಗಳು ಮಲಬಾರ್ ಹಿಲ್ಲಿನ ಬಂಗಲೆಗಳನ್ನೂ ಕಾಯತೊಡಗಿದ್ದವು.

ಇನ್ನು ಚನ್ನವ್ವನ ಕಥೆ. ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ಗಂಡ ಟೈಫಾಯ್ಡಿನಲ್ಲಿ ಹೋದ. ಸಿದ್ದಲಿಂಗಪ್ಪನವರಿಗೆ ಅವನೊಬ್ಬನೇ ಮಗ. ಅತ್ತೆ ರಾಚವ್ವ ಅಂದು ಹಾಸಿಗೆ ಹಿಡಿದವರು ಮೂರು ವರ್ಷವಾದರೂ ಎದ್ದಿಲ್ಲ. ಚನ್ನವ್ವ ತುತ್ತು ಮಾಡಿ ಕೊಟ್ಟರೆ ಮಾತ್ರ ಉಣ್ಣುತ್ತಾರೆ. ಮಾವ ಒಂದು ದಿನಕ್ಕೂ ಗದರಿದವರಲ್ಲ. ಆದರೆ ಅಂಗಡಿಗೆ ಹೊರಡುವಾಗ ಕಂಪೌಂಡಿನ ಗೇಟಿಗೆ ಹೊರಗಿನಿಂದ ಬೀಗ ಹಾಕುತ್ತಾರೆ. "ಕಾಲ ಕೆಟ್ಟೈತಿ ತಂಗಿ," ಎನ್ನುತ್ತಾರೆ. ಗೋಕಾಕದ ಅಪ್ಪನಿಗೆ ಬರೆದರೆ, "ಮಗಳಿಗಿಂತ ಹೆಚ್ಚು ನೋಡಿಕೊಳ್ಳುತ್ತಾರೆ, ಅಲ್ಲೇ ಇರು," ಎಂದು ಉತ್ತರ ಬಂತು. ಅದು ನಿಜವೇ ಆಗಿತ್ತು. ಹೊಡೆಯುವವರ ಮನೆಯಿಂದಾದರೆ ಅತ್ತುಕೊಂಡು ಓಡಿಬರಬಹುದು. ಇಷ್ಟು ಪ್ರೀತಿ ಮಾಡುವವರ ಮನೆಯಲ್ಲಿ ಉಸಿರು ಕಟ್ಟುತ್ತದೆ ಅಂತ ಯಾರ ಮುಂದೆ ಹೇಳುವುದು?

ಎರಡು ತಿಂಗಳ ಹಿಂದೆ, ಹಾಲಿನವನು ಬಂದಾಗ ಗೇಟು ತೆರೆದಿದ್ದನ್ನು ನೋಡಿ, ಚನ್ನವ್ವ ಸುಮ್ಮನೆ ನಡೆದು ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಎರಡು ಲೋಕಲ್ ಬಂದು ಹೋದವು. ಹತ್ತುವ ಧೈರ್ಯವಾಗಲಿಲ್ಲ. ಮನೆಗೆ ಬಂದಾಗ ಮಾವ ಬಾಗಿಲಲ್ಲಿದ್ದರು, ಏನೂ ಕೇಳಲಿಲ್ಲ. ಮುಂದಿನ ವಾರ ಓಣಿಯಲ್ಲಿ ಕಳ್ಳರ ಕಾಟ ಹೆಚ್ಚಾಗಿದೆ, ನಾಯಿ ತರಬೇಕು ಎಂದರು.

ಮರಿ ಕೊಳ್ಳುವಾಗ ಏನೇನು ಕೇಳಬೇಕೆಂದು ನೆರೆಯ ಪಾರ್ಸಿ ಡಾಕ್ಟರು ಹೇಳಿ ಬರೆಸಿದ್ದರು. ಆ ಕಾಗದ ಚನ್ನವ್ವನ ಕೈಯಲ್ಲಿತ್ತು.

"ಮರಿ ತಾಯಿನ್ನ ನೋಡಬೇಕ್ರಿ," ಎಂದು ಅವಳು ಓದಿದಳು.

"ನೋಡದೆ ಹೋಗ್ತೇನೆ ಅಂದ್ರೆ ನಾನೇ ಮರಿ ಕೊಡುವುದಿಲ್ಲ," ಎಂದು ರಮಾನಾಥ ಶೆಡ್ಡಿನ ಬಾಗಿಲು ತೆಗೆದ. ಕರಿಬೆನ್ನಿನ ದೊಡ್ಡ ನಾಯಿ ಗಂಭೀರವಾಗಿ ಬಂದು ಸಿದ್ದಲಿಂಗಪ್ಪನವರ ಧೋತರ ಮೂಸಿತು. ಅವರು ಕಂಬವಾದರು. ಅದು ಚನ್ನವ್ವನ ಅಂಗೈ ನೆಕ್ಕಿ ಅಲ್ಲೇ ಕೂತಿತು.

"ತಂದಿ?"

"ಕೊಲಾಬಾದಲ್ಲಿ ಉಂಟು. ವಿಳಾಸ ಕೊಡ್ತೇನೆ, ಹೋಗಿ ನೋಡಿ. ಮೂರು ತಲೆಮಾರಿನ ಹೆಸರು ಕಾಗದದಲ್ಲಿ ಉಂಟು."

"ಅಬಬಾ! ನಮ್ಮ ಮುತ್ತಜ್ಜನ ಹೆಸರು ನನಗ ನೆಪ್ಪಿಲ್ಲ," ಎಂದರು ಸಿದ್ದಲಿಂಗಪ್ಪ. "ತಂದಿಗೂ ತಾಯಿಗೂ ಮೊದಲ ಏನರ ಸಂಬಂಧ ಆಗಬೇಕೇನು?"

"ಇಲ್ಲ ಇಲ್ಲ. ಹತ್ತಿರದ ಸಂಬಂಧ ಮಾಡಿದ್ರೆ ಮರಿಗಳಿಗೆ ದೋಷ ಬರ್ತದೆ."

"ಹೋಗ್ರಿ ನಿಮ್ಮ! ನಮ್ಮೊಳಗ ಸೋದರಮಾವನ ಮಗಳಂದ್ರ ಮೊದಲ ಹಕ್ಕು!"

"ನಾಯಿಗಳಿಗೆ ಆ ಹಕ್ಕು ಗೊತ್ತಿಲ್ಲ ಯಜಮಾನ್ರೆ."

ಚನ್ನವ್ವ ಸೆರಗು ಬಾಯಿಗೊತ್ತಿ ನಕ್ಕಳು. ನಕ್ಕ ಸದ್ದು ತನ್ನದೇ ಎಂದು ಗೊತ್ತಾಗಲು ಅವಳಿಗೇ ಒಂದು ಗಳಿಗೆ ಹಿಡಿಯಿತು. ರಮಾನಾಥ ನಾಯಿಯ ಕಿವಿ ಕೆರೆಯುತ್ತಾ, ನೋಡಿಯೂ ನೋಡದವನಂತೆ ನೋಡಿದ.

ಅವನದೊಂದು ಪದ್ಧತಿ ಇತ್ತು. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸುವುದಿಲ್ಲ. ಈ ಮರಿಗಳಿಗೆ ಐದು ವಾರ. ಉಳಿದ ಮೂರು ವಾರವೂ ಪ್ರತಿ ಐತವಾರ, ಮನೆಯಲ್ಲಿ ಅದಕ್ಕೆ ಯಾರು ಅನ್ನ ಹಾಕುತ್ತಾರೋ ಅವರೇ ಬಂದು ಮರಿಯ ಜೊತೆ ಕೂರಬೇಕು. "ಅನ್ನ ಹಾಕುವ ಕೈ ಅದಕ್ಕೆ ಮೊದಲೇ ಗುರುತಾಗಬೇಕು."

"ಅದೇನು ಹಟ!" ಎಂದರು ಸಿದ್ದಲಿಂಗಪ್ಪ.

"ಹಟವೇ," ಎಂದ ರಮಾನಾಥ.

ಹೀಗೆ ಮೂರು ವರ್ಷದಲ್ಲಿ ಮೊದಲ ಬಾರಿಗೆ ಚನ್ನವ್ವನಿಗೆ ಐತವಾರ ಅಂದರೆ ಬೇರೆ ಏನೋ ಆಯಿತು.

ಎರಡನೆಯ ವಾರ ಮಾವ ಮರದ ನೆರಳಿನ ಬೆಂಚಿನಲ್ಲಿ ಪೇಪರು ಹಿಡಿದು ಕೂತು, ಹತ್ತು ನಿಮಿಷಕ್ಕೆ ಗೊರಕೆ ಹೊಡೆದರು. ಇವರಿಬ್ಬರು ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ. ಮಧ್ಯೆ ಆರು ಮರಿ.

"ಜಂತಿನ ಔಷಧ ಕೊಟ್ಟೀರೇನ್ರಿ?"

"ಎರಡು ಸಲ."

"ಈ ಮೂಲ್ಯಾಗಿಂದು ಯಾಕ ಹಿಂಗ ಮುದುರಿ ಕುಂತೈತಿ?"

"ಅದು ನಾಚಿಕೆಯದ್ದು. ಕಾವಲಿಗೆ ಆಗ್ಲಿಕ್ಕಿಲ್ಲ. ತೀರಾ ಮೇಲೆ ಬೀಳುವುದೂ ಬೇಡ. ನೋಡಿ, ಆ ಹೆಣ್ಣುಮರಿ. ತಟ್ಟೆ ಬಡಿದರೆ ಒಮ್ಮೆ ಬೆಚ್ಚಿ, ಮತ್ತೆ ಏನದು ಅಂತ ನೋಡ್ಲಿಕ್ಕೆ ಬರ್ತದೆ ಅಲ್ವಾ? ಅಂಥದ್ದನ್ನು ಆರಿಸಬೇಕು."

"ಬೆಚ್ಚಿ, ಮತ್ತ ಬರೂದು."

"ಹೌದು. ಬೆಚ್ಚುವುದು ತಪ್ಪಲ್ಲ," ಎಂದ. ಅವನು ಹೇಳುತ್ತಿದ್ದುದು ಮರಿಯ ಬಗ್ಗೆಯೇ. ಆದರೆ ನೋಡುತ್ತಿದ್ದುದು ಅವಳನ್ನು. ಚನ್ನವ್ವ ಕಾಗದದಲ್ಲಿ ಮುಖ ಹುದುಗಿಸಿದಳು. ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತಿ ಕೂತಿದ್ದವು.

"ಇನ್ನೊಂದೈತ್ರಿ. ಮರಿ ನಮ್ಮ ಮನಿಗೆ ಹೊಂದಲಿಲ್ಲ ಅಂದ್ರ ತಿರಗಿ ತಗೋತೀರೇನು?"

"ತಗೊಳ್ತೇನೆ."

"ವರ್ಷ ಆದ ಮ್ಯಾಲ?"

"ಆಗ್ಲೂ."

"ಮೂರು ವರ್ಷ ಆಗಿರ್ತೈತಿ, ದೊಡ್ಡದಾಗಿರ್ತೈತಿ, ಯಾರಿಗೂ ಬ್ಯಾಡಾಗಿರ್ತೈತಿ. ಆವಾಗ?"

"ನಾನು ಕೊಟ್ಟ ಮರಿ ಎಷ್ಟು ವರ್ಷ ಆದ್ರೂ ನನ್ನದೇ. ನನ್ನ ಬಾಗಿಲು ಅದಕ್ಕೆ ಯಾವತ್ತೂ ಉಂಟು."

ಚನ್ನವ್ವನ ಕಣ್ಣಿಂದ ಹನಿಗಳು ಮರಿಯ ಬೆನ್ನಿನ ಮೇಲೆ ಬಿದ್ದವು. ನಾಯಿಗೆ ಇಷ್ಟು ಹೇಳುವವರಿದ್ದಾರೆ. ನನ್ನ ಅಪ್ಪ ನನಗೆ ಹೇಳಲಿಲ್ಲವಲ್ಲ! ರಮಾನಾಥ ಹೆಗಲ ಮೇಲಿದ್ದ ಟವೆಲ್ ಕೊಡಲು ಹೋದ. ಅದು ನಾಯಿ ಒರೆಸುವ ಟವೆಲ್ಲೆಂದು ನೆನಪಾಗಿ ಪೆಚ್ಚಾದ. ಅವಳು ಅಳುತ್ತಲೇ ನಕ್ಕಳು.

ಮೂರನೆಯ ವಾರ ಸಿದ್ದಲಿಂಗಪ್ಪನವರಿಗೆ ನಿದ್ದೆ ಬರಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಕಾಗದದಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿದರು.

"ಇದು ಹೊರಗಿನವರನ್ನ ಅಷ್ಟ ತಡೀತೈತೋ, ಒಳಗಿನವರು ಹೊರಗ ಹೊಂಟ್ರೂ ತಡೀತೈತೋ?"

ದೊಡ್ಡ ನಾಯಿಯ ಮೈ ಬಾಚುತ್ತಿದ್ದ ರಮಾನಾಥನ ಕೈ ನಿಂತಿತು. "ಕಲಿಸಿದ್ರೆ ತಡೀತದೆ. ಕಚ್ಚುವುದಿಲ್ಲ, ಅಡ್ಡ ನಿಲ್ತದೆ. ಸೆರಗು ಹಿಡಿದು ಒಳಗೆ ಎಳ್ಕೊಂಡು ಬರ್ತದೆ. ಈ ಜಾತಿ ಒಮ್ಮೆ ಕಲಿತದ್ದನ್ನು ಸಾಯುವ ತನಕ ಬಿಡುವುದಿಲ್ಲ. ಯಾಕೆ ಕೇಳಿದ್ರಿ?"

"ಸುಮ್ನ ಕೇಳಿದೆ. ನಮ್ಮ ಮನ್ಯಾಗಿನಾಕಿಗೆ ಮೈಯಾಗ ಆರಾಮಿಲ್ಲ, ಎಲ್ಲಿಯರ ಎದ್ದು ಹೊಂಟಾಳು ಅಂತ."

ಅತ್ತೆ ಹಾಸಿಗೆಯಿಂದ ಎದ್ದೇ ಮೂರು ವರ್ಷವಾಗಿತ್ತು. ಓಣಿಗೆ ಯಾವ ಕಳ್ಳನೂ ಬಂದಿರಲಿಲ್ಲ. ಚನ್ನವ್ವನಿಗೆ ಈಗ ಅರ್ಥವಾಯಿತು. ಮಡಿಲಲ್ಲಿ ಮರಿ ಅವಳ ಬೆರಳು ಚೀಪುತ್ತಿತ್ತು. ಈ ಕೂಸಿಗೆ ಅವಳೇ ಅನ್ನ ಹಾಕಿ ಬೆಳೆಸಬೇಕು, ಅದು ಅವಳನ್ನೇ ಕಾಯಬೇಕು.

ಮಾವ ಕೈಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದಾಗ ರಮಾನಾಥ ತಗ್ಗಿದ ದನಿಯಲ್ಲಿ ಕೇಳಿದ: "ನಿಮಗೆ ಈ ಮರಿ ಬೇಕಾ?"

"ಮಾವನೋರು ಹೇಳಿದಂಗ್ರಿ."

"ಅವರನ್ನು ಕೇಳ್ಲಿಲ್ಲ. ನಿಮ್ಮನ್ನು ಕೇಳಿದ್ದು."

ಹಾಗೆ ಯಾರಾದರೂ ಅವಳನ್ನು ಕೇಳಿ ಎಷ್ಟು ದಿನವಾಗಿತ್ತೋ! ಉತ್ತರ ಬಾಯಿಗೆ ಬಂತು, ಮಾವನ ಹೆಜ್ಜೆ ಸದ್ದಾಯಿತು, ಒಳಗೇ ಉಳಿಯಿತು. ಆ ವಾರವೆಲ್ಲ ಅವಳು ಅಡುಗೆಗೆ ಒಮ್ಮೆ ಉಪ್ಪು ಮರೆತಳು, ಒಮ್ಮೆ ಎರಡು ಸಲ ಹಾಕಿದಳು.

ಎಂಟನೆಯ ವಾರ ತುಂಬಿತು. ಸಿದ್ದಲಿಂಗಪ್ಪ ಹೊಸ ಬುಟ್ಟಿ ತಂದಿದ್ದರು. ರಮಾನಾಥ ಮರಿಯನ್ನು ಎತ್ತಿಕೊಂಡು ಎದುರು ನಿಂತ.

"ಕೊನೆಯದ್ದೊಂದುಂಟು ಯಜಮಾನ್ರೆ. ಮರಿ ಒಯ್ಯುವ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಇರ್ಬೇಕು. ಒಬ್ಬೊಬ್ಬರೇ ಬಾಯಿಬಿಟ್ಟು ಹೇಳ್ಬೇಕು. ಒಬ್ಬರು ಬೇಡ ಅಂದ್ರೂ ನಾನು ಕೊಡುವುದಿಲ್ಲ. ಮಲಬಾರ್ ಹಿಲ್ಲಿನವರಿಗೂ ಇದೇ ಕಾನೂನು."

"ನನಗ ಒಪ್ಪಿಗಿ. ಇಕೀಗೂ ಒಪ್ಪಿಗಿ. ಹಾಕ್ರಿ ಬುಟ್ಟ್ಯಾಗ."

"ಅವರು ಹೇಳ್ಬೇಕು."

ಚನ್ನವ್ವ ಬುಟ್ಟಿಯನ್ನೊಮ್ಮೆ ನೋಡಿ ಮುಖ ಎತ್ತಿದಳು. "ನನಗ ಒಪ್ಪಿಗಿ ಇಲ್ರಿ," ಎಂದಳು.

"ತಂಗಿ?"

"ಈ ನಾಯಿ ಕಳ್ಳರಿಗಲ್ರಿ ಮಾವನೋರ. ನನಗ. ನನಗ ಗೊತ್ತಾತು." ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲಾಗಲಿಲ್ಲ. "ಗೇಟಿನ ಕೀಲಿ ಸಾಲಲಿಲ್ಲೇನ್ರಿ? ನಾ ಅವತ್ತ ಟೇಶನ್ನಿಗೆ ಹೋಗಿ ತಿರಗಿ ಬಂದೆ. ಯಾರೂ ಎಳಕೊಂಡು ಬರಲಿಲ್ಲ. ನಾನ ಬಂದೆ. ಅತ್ತಿ ಉಣ್ಣೂದಿಲ್ಲಂತ ಬಂದೆ. ನೀವು ಅದನ್ನ ನೋಡಲೇ ಇಲ್ಲ."

ಸಿದ್ದಲಿಂಗಪ್ಪನವರು ಬೆಂಚಿನ ಮೇಲೆ ಕುಸಿದರು. ಪೇಟೆಯಲ್ಲಿ ನಾಲ್ಕು ಮಂದಿಯ ಮೇಲೆ ಏರುದನಿಯಲ್ಲಿ ಮಾತಾಡುವ ಮನುಷ್ಯನಿಗೆ ಈಗ ದನಿ ಸಾಲಲಿಲ್ಲ. "ಮಗಾ ಹೋದ. ನೀನೂ ಹೋದ್ರ ನಾವಿಬ್ಬರು ಮುದುಕರು ಆ ಮನ್ಯಾಗ ಒಬ್ಬರ ಮಾರಿ ಒಬ್ಬರು ನೋಡಕೋತ ಕುಂಡ್ರೂದು ಹೆಂಗ ತಂಗಿ? ನನಗ ಅಂಜಿಕಿ ಆತು. ಅಷ್ಟ."

ಅವಳು ಅವರ ಕಾಲ ಬಳಿ ಕೂತಳು. ಇಬ್ಬರೂ ಅತ್ತರು. ರಮಾನಾಥ ಮರಿಯನ್ನೆತ್ತಿಕೊಂಡು ಶೆಡ್ಡಿನೊಳಗೆ ಹೋಗಿ ಬಾಗಿಲು ಮುಂದೆ ಮಾಡಿದ. ಅವನ ಒಳ್ಳೆಯತನವೆಂದರೆ ಅದೇ, ಎಲ್ಲಿ ಇರಬಾರದೆಂದು ಗೊತ್ತಿತ್ತು.

ಬುಟ್ಟಿ ಖಾಲಿಯೇ ಹಿಂದಿರುಗಿತು. ದಾದರಿನ ಬ್ರಿಜ್ಜಿನ ಮೇಲೆ, ಜನರ ನೂಕುನುಗ್ಗಲಿನ ನಡುವೆ ಸಿದ್ದಲಿಂಗಪ್ಪ ಇದ್ದಕ್ಕಿದ್ದಂತೆ ನಿಂತರು.

"ಆ ಹುಡುಗ ನಿನ್ನ ಕಡೆ ನೋಡ್ತಾನ," ಎಂದರು.

ಚನ್ನವ್ವ ಸೆರಗು ಸರಿಮಾಡಿಕೊಂಡಳು.

"ನೀನೂ ನೋಡ್ತಿ. ನಾ ಪೇಪರ್ ಹಿಡಕೊಂಡಿದ್ದೆ, ಕುರುಡಾಗಿದ್ದಿಲ್ಲ." ಕೈಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದರು. "ಬರೂ ಐತವಾರ ಹೋಗೂದಿದ್ರ ಒಬ್ಬಾಕಿನ ಹೋಗು. ನನಗ ಈ ಬ್ರಿಜ್ ಹತ್ತೂದಾಗೂದಿಲ್ಲ. ನಿಮ್ಮತ್ತಿಗಿ ಗಂಜಿ ನಾ ಕುಡಸ್ತೀನಿ."

ಮುಂದಿನ ಐತವಾರ ಅವಳು ಅಂಧೇರಿ ಮುಟ್ಟುವಾಗ ಮಧ್ಯಾಹ್ನ ಮೀರಿತ್ತು. ರಮಾನಾಥ ನಲ್ಲಿಯ ಹತ್ತಿರ ದೊಡ್ಡ ನಾಯಿಗೆ ಸ್ನಾನ ಮಾಡಿಸುತ್ತಿದ್ದ. ಅವಳನ್ನು ನೋಡಿದವನು ಅವಳ ಬೆನ್ನ ಹಿಂದೆ ರಸ್ತೆ ನೋಡಿದ.

"ಯಜಮಾನ್ರು?"

"ಬಂದಿಲ್ರಿ. ನಾ ಒಬ್ಬಾಕಿನ ಬಂದೀನಿ. ದಾದರದಾಗ ಉಲ್ಟಾ ಗಾಡಿ ಹತ್ತಿ ಚರ್ಚ್‌ಗೇಟಿಗೆ ಹೋಗಿದ್ದೆ," ಎಂದಳು ಏದುಸಿರಿನಲ್ಲಿ. ಅವಳ ಮುಖವೆಲ್ಲ ಕೆಂಪು, ಕೂದಲು ಕೆದರಿತ್ತು. "ಕಿಡಕ್ಯಾಗ ಸಮುದ್ರ ಕಂಡಿತು. ನಾಕು ವರ್ಷಾತು ಈ ಊರಿಗೆ ಬಂದು, ಸಮುದ್ರ ನೋಡಿದ್ದು ಇವತ್ತ. ಎಷ್ಟು ದೊಡ್ಡದೈತ್ರಿ ಅದು!"

"ದೊಡ್ಡದು ಉಂಟು," ಎಂದ ಅವನು, ಬೇರೇನೂ ತೋಚದೆ. "ಮರಿಯದ್ದು... ಆ ಹೆಣ್ಣುಮರಿಯನ್ನು ಯಾರಿಗೂ ಕೊಡ್ಲಿಲ್ಲ."

"ನಾ ಮರಿ ಕೇಳಾಕ ಬಂದಿಲ್ರಿ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿದ್ದವು. ಉಳಿದದ್ದು ಒಂದೇ. "ನನಗ ನಿಮ್ಮ ಮ್ಯಾಲ ಮನಸಾಗೈತಿ. ನಿಮಗ ಐತೋ ಇಲ್ಲೋ, ಅಷ್ಟ ಹೇಳ್ರಿ. ಇಲ್ಲಂದ್ರ ಮೂರರ ಗಾಡಿಗೆ ಹೋಗ್ತೀನಿ. ದಾರಿ ಈಗ ನನಗ ಗೊತ್ತೈತಿ."

ರಮಾನಾಥನ ಕಿವಿಗಳು ಬೆಂಕಿಯಾದವು. ನಾಯಿ ಮೈ ಕೊಡವಿ ಇಬ್ಬರನ್ನೂ ತೋಯಿಸಿತು.

"ಉಂಟು," ಎಂದ ಅವನು. "ತುಂಬಾ ಉಂಟು ಚನ್ನವ್ವ. ನಾಳೆಯೇ ಮುಲುಂಡಿಗೆ ಬಂದು ಕೇಳ್ತೇನೆ."

"ಮಾವನೋರು ಬೈತಾರ."

"ಬೈಸ್ಕೊಳ್ತೇನೆ."

ಅವನ ಕೈ ತುಂಬ ಸೋಪಿನ ನೊರೆ. ಒರೆಸಿಕೊಳ್ಳಲು ಟವೆಲ್ ಹುಡುಕುತ್ತಿದ್ದ. ಚನ್ನವ್ವ ಅಷ್ಟು ಹೊತ್ತು ಕಾಯಲಿಲ್ಲ. ತಾನೇ ಮುಂದೆ ಬಂದು ಆ ಕೈಯನ್ನು ನೊರೆ ಸಮೇತ ಹಿಡಿದುಕೊಂಡಳು.